ಹಲ್ಲೆಣಿಸುವವರು

ಒಬ್ಬ ಕಡಲ್ಗಳ್ಳನ ಬಾಯಲ್ಲಿ ಎಷ್ಟು ಹಲ್ಲಿವೆ ಎಂದು ಎಣಿಸಿ ಲೆಕ್ಕ ಇಟ್ಟವರಿದ್ದಾರೆ. ದಂತವೈದ್ಯರಲ್ಲ. ಅಭಿಮಾನಿಗಳು.

ಕಡಲ್ಗಳ್ಳನ ಹೆಸರು ಬ್ಲ್ಯಾಕ್‌ಬಿಯರ್ಡ್. ಜಪಾನಿನ ‘ಒನ್ ಪೀಸ್’ ಮಂಗಾದ, ಅಂದರೆ ಚಿತ್ರಕಥೆಯ, ದೊಡ್ಡ ಖಳ. ಜಾಯಾ ಎಂಬ ದ್ವೀಪದ ಹೆಂಡದಂಗಡಿಯಲ್ಲಿ ಚೆರ್ರಿ ಪೈ ತಿನ್ನುತ್ತ ಕೂತಿದ್ದವನು, ಕಥಾನಾಯಕ ಲೂಫಿಯ ಜೊತೆ ಪೈ ರುಚಿಯ ಬಗ್ಗೆ ಜಗಳಕ್ಕೆ ನಿಂತ. ಬಾಯಲ್ಲಿ ಹಲ್ಲು ಅಲ್ಲಲ್ಲಿ ಉದುರಿವೆ. ಆದರೆ ಒಂದು ಚಿತ್ರದಲ್ಲಿ ಉದುರಿದ ಹಲ್ಲು ಇನ್ನೊಂದರಲ್ಲಿ ನೆಟ್ಟಗೆ ನಿಂತಿದೆ. ಅಲ್ಲಿದ್ದದ್ದು ಇಲ್ಲಿಲ್ಲ.

ವಾರಕ್ಕೊಂದು ಅಧ್ಯಾಯ ಬಿಡಿಸುವ ಮನುಷ್ಯ, ಕೈ ಜಾರಿದೆ ಅಂದುಕೊಂಡು ನೀವು ಪುಟ ತಿರುವುತ್ತೀರಿ. ಅದಕ್ಕೇ ನೀವು ದಡ್ಡರು.

ಹಲ್ಲು ಬದಲಾಗಿದೆ ಎಂದರೆ ಆಳೇ ಬದಲಾಗಿದ್ದಾನೆ. ಒಂದೇ ಮೈಯೊಳಗೆ ಮೂವರು ಇದ್ದಾರೆ. ಪುರಾವೆ ಬೇಕೆ? ಅವನ ಬಾವುಟದಲ್ಲಿ ಮೂರು ತಲೆಬುರುಡೆ. ಇನ್ನೂ ಬೇಕೆ? ತಿಂದವರಿಗೆ ವಿಚಿತ್ರ ಶಕ್ತಿ ಕೊಡುವ ದೆವ್ವದ ಹಣ್ಣು ಆ ಲೋಕದಲ್ಲಿ ಯಾರಿಗೂ ಎರಡು ದಕ್ಕುವುದಿಲ್ಲ, ಇವನಿಗೆ ದಕ್ಕಿವೆ. ಸಾಲದ್ದಕ್ಕೆ 2020ರಲ್ಲಿ ಬಂದ ಒಂದು ಅಧ್ಯಾಯದಲ್ಲಿ, ಇವನು ಹುಟ್ಟಿದಾಗಿನಿಂದ ನಿದ್ದೆಯನ್ನೇ ಮಾಡಿಲ್ಲ ಎಂಬ ಸುದ್ದಿ ಸಿಕ್ಕಿತು. ಒಬ್ಬ ಮಲಗಿದರೆ ಇನ್ನೊಬ್ಬ ಎದ್ದಿರುತ್ತಾನಲ್ಲ! ಮುಗಿಯಿತು. ಹಲ್ಲೆಣಿಸಿದವರು ಋಷಿಗಳಾದರು.

ನಾಳೆ ಲೇಖಕರು ಮೂವರೆಂದೇ ಬರೆದರೂ ಬರೆದಾರು. ನನ್ನ ತಕರಾರು ಅದಲ್ಲ. ಮೂವತ್ತು ವರ್ಷ ಮುಟ್ಟುತ್ತಿರುವ ಒಂದು ಕಥೆಯ ದವಡೆ ಅಗಲಿಸಿ ಟಾರ್ಚು ಬಿಟ್ಟು ಕೂತಿದ್ದೀರಲ್ಲ, ಇದಕ್ಕೆ ‘ಆಳವಾದ ಓದು’ ಎಂಬ ಬಿರುದು ಬೇರೆ ಕೊಟ್ಟುಕೊಂಡಿದ್ದೀರಲ್ಲ, ಅದು ನನ್ನ ತಕರಾರು.

ಐಚಿರೊ ಓಡಾ ‘ಒನ್ ಪೀಸ್’ ಆರಂಭಿಸಿದ್ದು 1997ರ ಜುಲೈಯಲ್ಲಿ, ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ. ಆಗ ಅವರಿಗೆ 22 ವರ್ಷ. ಐದು ವರ್ಷದಲ್ಲಿ ಮುಗಿಸುವ ಅಂದಾಜಿತ್ತು. ಮುಗಿಯಲಿಲ್ಲ. ಅಧ್ಯಾಯ ಸಾವಿರ ದಾಟಿತು, ಸಂಪುಟ ನೂರು ದಾಟಿತು, 2022ರ ಹೊತ್ತಿಗೆ ಪ್ರತಿಗಳ ಲೆಕ್ಕ 50 ಕೋಟಿ ದಾಟಿತು. 2019ರಲ್ಲಿ ಓಡಾ ಮತ್ತೊಮ್ಮೆ ಐದು ವರ್ಷ ಅಂದರು. ಆ ಐದೂ ಕಳೆದುಹೋಗಿವೆ.

ಈಗ ಅಭಿಮಾನಿಯ ಭಜನೆ ಕೇಳಿ. ಓಡಾ ಎಲ್ಲವನ್ನೂ ಮೊದಲ ದಿನವೇ ತೀರ್ಮಾನಿಸಿದ್ದರು. ಪ್ರತಿ ಗೆರೆಯೂ ಮುನ್ಸೂಚನೆ. ಪ್ರತಿ ಗುಂಡಿಯೂ ಸಂಕೇತ. ಇಪ್ಪತ್ತೆರಡರ ಹುಡುಗ ಇಪ್ಪತ್ತೈದು ವರ್ಷ ಮುಂದಿನದನ್ನು ಅಂಗೈ ಮೇಲಿಟ್ಟು ನೋಡಿದ್ದ. ಕಥೆ ಯಾವಾಗ ಮುಗಿಯುತ್ತದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನಿಗೆ ಕಂಡಿತ್ತು!

ಇದನ್ನು ಹೊಗಳಿಕೆ ಅಂದುಕೊಂಡಿದ್ದಾರೆ. ಹೊಗಳಿಕೆಯಲ್ಲ, ಅವಮಾನ. ವಾರ ವಾರ ಗಡುವಿನ ಕತ್ತಿ ನೆತ್ತಿಯ ಮೇಲೆ ತೂಗುತ್ತಿರುವಾಗ ಒಬ್ಬ ಮನುಷ್ಯ ಯೋಚಿಸುತ್ತಾನೆ, ಅಳಿಸುತ್ತಾನೆ, ಮನಸ್ಸು ಬದಲಿಸುತ್ತಾನೆ, ಹತ್ತು ವರ್ಷದ ಹಿಂದೆ ತಾನೇ ಎಸೆದಿದ್ದ ತುಂಡೊಂದನ್ನು ಹೆಕ್ಕಿ ಹೊಸದಾಗಿ ಬೆಸೆಯುತ್ತಾನೆ. ಕೆಲಸ ಎಂದರೆ ಅದು. ಅಷ್ಟನ್ನೂ ಅಳಿಸಿ ‘ಮೊದಲೇ ಬರೆದಿಟ್ಟಿದ್ದ’ ಅಂದುಬಿಟ್ಟರೆ ಉಳಿದದ್ದೇನು? ನಕಲು ತೆಗೆಯುವ ಗುಮಾಸ್ತ.

2022ರ ಮಾರ್ಚ್ ನೆನಪಿಸಿಕೊಳ್ಳಿ. ಅಧ್ಯಾಯ 1044. ಲೂಫಿ ತಿಂದಿದ್ದ ದೆವ್ವದ ಹಣ್ಣು ರಬ್ಬರ್ ಹಣ್ಣೇ ಅಲ್ಲ ಎಂದು ಬಯಲಾಯಿತು. ಅದು ಸೂರ್ಯದೇವ ನಿಕಾನ ಹಣ್ಣು. ಆ ಲೋಕದ ಸರ್ಕಾರ ಶತಮಾನಗಳ ಹಿಂದೆಯೇ ಅದಕ್ಕೆ ಸುಳ್ಳು ಹೆಸರು ಕೊಟ್ಟು ಮುಚ್ಚಿಟ್ಟಿತ್ತು.

ಅಭಿಮಾನಿಗಳ ಲೋಕ ಎರಡಾಯಿತು. ಒಂದು ಗುಂಪು ಎದೆ ಬಡಿದುಕೊಂಡಿತು. ಮೋಸ, ಕಥೆಯನ್ನು ನಡುದಾರಿಯಲ್ಲಿ ತಿರುಚಿದ್ದಾರೆ, ಬೆವರು ಸುರಿಸಿ ಮೇಲೆ ಬಂದ ಹುಡುಗನನ್ನು ದೇವರ ಮಗ ಮಾಡಿ ಕೆಡಿಸಿದರು! ಇನ್ನೊಂದು ಗುಂಪು ಹಳೆಯ ಸಂಪುಟಗಳ ಮೇಲೆ ಬಿತ್ತು. ಸ್ಕೈಪಿಯಾ ಭಾಗದಲ್ಲಿ ಬೆಂಕಿಯ ಸುತ್ತ ಕುಣಿಯುವ ಲೂಫಿಯ ಕಪ್ಪು ನೆರಳಿನ ಚಿತ್ರವೊಂದಿದೆ. ಕೈ ಮೇಲೆ, ಕಾಲು ಅಡ್ಡಾದಿಡ್ಡಿ. ನಿಕಾನ ನೆರಳೂ ಥೇಟ್ ಹಾಗೇ ಇದೆ. ಸಿಕ್ಕಿತು! ಇಪ್ಪತ್ತು ವರ್ಷ ಮೊದಲೇ ಇಟ್ಟಿದ್ದರು!

ಇಟ್ಟಿರಬಹುದು. ಅಥವಾ ತಾನು ಎಂದೋ ಬರೆದ ಕುಣಿತವೊಂದು ಚೆನ್ನಾಗಿದೆ ಅನ್ನಿಸಿ, ದೇವರ ನೆರಳು ಬರೆಯುವ ದಿನ ಲೇಖಕರೇ ಅದನ್ನು ಎತ್ತಿಕೊಂಡಿರಬಹುದು. ಎರಡನೆಯದು ನನಗೆ ಹೆಚ್ಚು ಖುಷಿ ಕೊಡುತ್ತದೆ. ಬದುಕಿರುವ ತಲೆಯೊಂದು ಅಲ್ಲಿ ಓಡಾಡುತ್ತಿದೆ. ಅಭಿಮಾನಿಗೆ ಅದು ಬೇಡ. ಅವನಿಗೆ ಬೇಕಾದದ್ದು ಸರ್ವಜ್ಞ. ದೇವರು ತಪ್ಪು ಮಾಡಬಾರದು, ಏಕೆಂದರೆ ಪೂಜಾರಿಯ ದಕ್ಷಿಣೆ ನಿಂತುಹೋಗುತ್ತದೆ.

ಒಂದು ಚಿಕ್ಕ ಪ್ರಶ್ನೆ. ನಿಕಾ ಎಂಬ ಹೆಸರು ಮೊದಲ ಸಲ ಪುಟದ ಮೇಲೆ ಬಂದಿದ್ದು 2021ರಲ್ಲಿ, ಅಧ್ಯಾಯ 1018ರಲ್ಲಿ. ಇಷ್ಟೊಂದು ವರ್ಷ ಪುಟಪುಟದಲ್ಲೂ ಹೊಳೆಯುತ್ತಿತ್ತು ಎನ್ನುವ ಈ ದೇವರನ್ನು ಅದಕ್ಕೆ ಮುಂಚೆ ಹೆಸರಿಟ್ಟು ಕರೆದವರು ಎಷ್ಟು ಜನ? ಕಣ್ಣಿಗೆ ರಾಚುವ ಮುನ್ಸೂಚನೆ ಕಂಡಿದ್ದು ಉತ್ತರ ಪ್ರಕಟವಾದ ಮೇಲೆ. ಫಲಿತಾಂಶ ಬಂದ ಮರುದಿನ ಚುನಾವಣಾ ಸಮೀಕ್ಷೆ ನಡೆಸುವವರನ್ನು ನಾವು ಏನಂತ ಕರೆಯುತ್ತೇವೆ?

ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಸಾಲು ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾರೆ. ಆಮೇಲೆ ಮಳೆ ಬಂದರೆ ಮಳೆಗೆ, ಸರ್ಕಾರ ಬಿದ್ದರೆ ಸರ್ಕಾರಕ್ಕೆ, ಎರಡೂ ಆಗದಿದ್ದರೆ ‘ಇನ್ನೂ ಕಾಲ ಬಂದಿಲ್ಲ’ ಎಂಬುದಕ್ಕೆ ಆ ಸಾಲು ಹೊಂದುತ್ತದೆ. ಆದರೆ ಗೊರವಯ್ಯ ವ್ರತ ಹಿಡಿದಿರುತ್ತಾರೆ, ಬಿಲ್ಲನ್ನು ತಾವೇ ಏರುತ್ತಾರೆ. ನಮ್ಮ ಥಿಯರಿಕಾರರದು ಮೊಬೈಲ್ ಚಾರ್ಜ್ ಒಂದೇ ವ್ರತ. ಬಿಲ್ಲು ಏರುವವನು ಜಪಾನಿನಲ್ಲಿದ್ದಾನೆ. ಬೀಳುವವನೂ ಅವನೇ.

ಇವರ ಲೆಕ್ಕದ ಪುಸ್ತಕ ನೋಡಬೇಕು. ಜಮೆ ಕಾಲಂ ಇದೆ, ಖರ್ಚಿನ ಕಾಲಂ ಇಲ್ಲ. ನೂರು ಊಹೆ ಬಿಡುತ್ತಾರೆ. ತೊಂಬತ್ತೊಂಬತ್ತು ಸದ್ದಿಲ್ಲದೆ ಸಾಯುತ್ತವೆ. ಶವಸಂಸ್ಕಾರವೂ ಇಲ್ಲ. ಒಂದು ಗುರಿ ತಾಗಿತೋ, ಹೆಸರು ಊರಿಗೆಲ್ಲ. ಹಿಂದೊಮ್ಮೆ ಸಮುದ್ರಮಟ್ಟ ಏರಿ ಲೋಕ ಮುಳುಗಿತ್ತು ಎಂಬ ಊಹೆ ಅಭಿಮಾನಿಗಳಲ್ಲಿ ಹಳೆಯದು. 2024ರಲ್ಲಿ ಕಥೆಯ ವಿಜ್ಞಾನಿ ವೇಗಾಪಂಕ್‌ನ ಬಾಯಲ್ಲಿ, ಸಮುದ್ರ 200 ಮೀಟರ್ ಏರಿದೆ ಎಂಬ ಮಾತು ಬಂದೇ ಬಂತು. ಅವತ್ತಿನ ಮೆರವಣಿಗೆ ಏನು ಕೇಳುತ್ತೀರಿ! ನಾನೇ ಹೇಳಿದ್ದೆ, ನಾನೇ ಮೊದಲು ಹೇಳಿದ್ದೆ, ನೀನಲ್ಲ ನಾನು. ಅಲ್ಲ ಸ್ವಾಮಿ, ಕಥೆಯಲ್ಲಿ ಇರುವುದೆಲ್ಲ ದ್ವೀಪಗಳೇ. ಸುತ್ತ ನೀರು. ನೀರು ಏರಿರಬಹುದು ಎಂದು ಹೇಳಲು ದಿವ್ಯದೃಷ್ಟಿ ಬೇಕೆ?

ಗುರಿ ತಪ್ಪಿದಾಗಲೂ ಮೀಸೆ ಮಣ್ಣಾಗುವುದಿಲ್ಲ. ಥಿಯರಿ ನಿಜವಾದರೆ ಲೇಖಕ ಮೇಧಾವಿ. ಸುಳ್ಳಾದರೆ ಲೇಖಕ ಬರೆಯುವುದನ್ನು ಮರೆತಿದ್ದಾನೆ. ಕಥೆ ಕೆಟ್ಟಿತು, ಎಳೆ ಬಿಟ್ಟುಹೋಯಿತು, ಸುಳಿವು ಕೊಟ್ಟು ಕೈಕೊಟ್ಟ. ಯಾವ ಸುಳಿವು? ಇವರೇ ಇಟ್ಟಿದ್ದು. ತಾವೇ ಬರೆದುಕೊಂಡ ಸಾಲಪತ್ರಕ್ಕೆ ಓಡಾ ಬಡ್ಡಿ ಕಟ್ಟಬೇಕಂತೆ.

ಮೊಸಳೆ ತಾಯಿಯ ಕಥೆಯನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕ್ರೊಕೊಡೈಲ್ ಎಂಬ ಖಳನಿದ್ದಾನೆ. ಮರಳಿನ ಶಕ್ತಿ, ಬಾಯಲ್ಲಿ ಚುಟ್ಟ, ಒಂದು ಕೈಗೆ ಚಿನ್ನದ ಕೊಕ್ಕೆ. ಇಂಪೆಲ್ ಡೌನ್ ಸೆರೆಮನೆಯಲ್ಲಿ ಇವಾಂಕೋವ್ ಎಂಬಾತ, ನಿನ್ನ ಹಳೆಯ ಗುಟ್ಟು ನನಗೆ ಗೊತ್ತು ಎಂಬರ್ಥದಲ್ಲಿ ಹೆದರಿಸಿ ಇವನನ್ನು ಬಗ್ಗಿಸುತ್ತಾನೆ. ಗುಟ್ಟು ಏನೆಂದು ಕಥೆ ಅಲ್ಲಿ ಹೇಳುವುದಿಲ್ಲ. ಇವಾಂಕೋವ್‌ಗೆ ಗಂಡನ್ನು ಹೆಣ್ಣು, ಹೆಣ್ಣನ್ನು ಗಂಡು ಮಾಡುವ ವಿದ್ಯೆ ಗೊತ್ತು. ಇಷ್ಟು ಸಾಕು. ಕ್ರೊಕೊಡೈಲ್ ಹಿಂದೆ ಹೆಂಗಸಾಗಿದ್ದ. ಲೂಫಿಯ ತಾಯಿ ಯಾರೆಂದು ಕಥೆ ತಿಳಿಸಿಲ್ಲ. ಹಾಗಾದರೆ ಅವಳೇ ಇವನು!

ಇದಕ್ಕೂ ಮುಂಚಿನ ಅಲಬಾಸ್ಟಾ ಭಾಗದಲ್ಲಿ ಇದೇ ‘ತಾಯಿ’ ಲೂಫಿಯ ಹೊಟ್ಟೆಗೆ ಕೊಕ್ಕೆ ಚುಚ್ಚಿ, ಎತ್ತಿ ಹಿಡಿದು, ಹೂಳುವ ಮರಳಿಗೆ ಎಸೆದು ಹೋಗಿದ್ದಳು. ಎರಡನೆಯ ಸಲ ಮೈಯ ನೀರನ್ನೆಲ್ಲ ಹೀರಿ ಒಣಗಿಸಿದ್ದಳು. ಮಗ ಎಂದು ಗೊತ್ತಿರಲಿಲ್ಲವೇ? ಅದಕ್ಕೂ ಉತ್ತರ ಇದೆ. ಇವರಲ್ಲಿ ಎಲ್ಲದಕ್ಕೂ ಉತ್ತರ ಇದೆ. ಉತ್ತರ ಇಲ್ಲದ್ದು ಒಂದಕ್ಕೆ: ಸೆರೆಮನೆ ಒಡೆದು ಓಡುವ ಭಾಗದ ರಭಸವನ್ನು, ಒಳಗಿನ ಆ ಹುಚ್ಚು ಸಂತೆಯನ್ನು ನೀವು ಓದಿದಿರಾ? ಓದಿಲ್ಲ. ಜನನ ಪ್ರಮಾಣಪತ್ರ ಹುಡುಕುತ್ತಿದ್ದರು.

ನಿಜವಾದ ಮುನ್ಸೂಚನೆ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. 1999ರಲ್ಲಿ ಲಬೂನ್ ಎಂಬ ತಿಮಿಂಗಿಲ ಕಥೆಗೆ ಬಂತು. ಕೆಂಪು ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಹಿಂತಿರುಗಿ ಬರುತ್ತೇವೆ ಎಂದು ಮಾತು ಕೊಟ್ಟು ಹೋದ ಕಡಲ್ಗಳ್ಳರಿಗಾಗಿ ಐವತ್ತು ವರ್ಷದಿಂದ ಕಾಯುತ್ತಿತ್ತು. ಲೂಫಿ ಅದರ ಹಣೆಯ ಮೇಲೆ ತನ್ನ ಗುರುತು ಬಳಿದು ಮುಂದೆ ಹೋದ. ನಾವೂ ಹೋದೆವು. ಏಳೆಂಟು ವರ್ಷ ಕಳೆದ ಮೇಲೆ, ಮಂಜು ಮುಸುಕಿದ ಕಡಲಲ್ಲಿ, ಮುರುಕು ಹಡಗೊಂದರ ಮೇಲೆ ಬ್ರೂಕ್ ಎಂಬ ಎಲುಬಿನ ಹಂದರ ಸಿಕ್ಕಿತು. ಹಾಡುತ್ತದೆ, ಕೆಟ್ಟ ಜೋಕು ಹೊಡೆಯುತ್ತದೆ. ಮಾತು ಕೊಟ್ಟವರಲ್ಲಿ ಉಳಿದವನು ಅವನೊಬ್ಬನೇ.

ಅದು ಎದೆಗೆ ಬಿತ್ತು. ಯಾಕೆ ಬಿತ್ತು? ಆ ತಿಮಿಂಗಿಲವನ್ನು ನಾವು ಮರೆತಿದ್ದೆವು. ಮರೆಯಲು ಲೇಖಕರು ನಮಗೆ ಸಮಯ ಕೊಟ್ಟಿದ್ದರು. ವಾರ ವಾರ ಅದರ ಹಣೆಯ ಗಾಯ ಅಳೆದು ಕೂತವನಿಗೆ ಬ್ರೂಕ್ ಸಿಕ್ಕಾಗ ಆಗುವುದು ಸಂಕಟವಲ್ಲ, ಅಂಕ.

ಈಗಿನವರಿಗೆ ಮರೆಯುವುದೇ ಅಪರಾಧ. ಅಧ್ಯಾಯ ಬಂದ ಗಂಟೆಯೊಳಗೆ ವಿಡಿಯೊ. ಅದರ ಮುಖಪುಟದಲ್ಲಿ ಕೆಂಪು ಬಾಣ, ಕೆಂಪು ವೃತ್ತ, ಬಾಯಿ ತೆರೆದ ಮುಖ. ಹಿನ್ನೆಲೆಯ ಗೋಡೆ, ಮೋಡದ ಆಕಾರ, ಬೆರಳ ಸಂಖ್ಯೆ, ಬಣ್ಣದ ಪುಟದಲ್ಲಿ ಯಾರ ಎಡಕ್ಕೆ ಯಾರು. ಜಪಾನಿನಲ್ಲಿ ಈ ಕಸುಬಿಗೆ ‘ಕೋಸಾತ್ಸು’ ಎಂಬ ಗಂಭೀರ ಹೆಸರಿದೆ. ಅಲ್ಲೂ ಅಂಗಡಿ ಭರ್ತಿ. ಓಡಾ ಜನಜಂಗುಳಿಯ ಚಿತ್ರಗಳಲ್ಲಿ ಪಾಂಡಾಮ್ಯಾನ್ ಎಂಬ ಪಾಂಡಾಮುಖದ ಆಸಾಮಿಯನ್ನು ಅಡಗಿಸಿಡುತ್ತಾರೆ. ಬರೀ ಕುಚೋದ್ಯ. ಹುಡುಕಿ ನಕ್ಕು ಬಿಡಲಿ ಎಂದು. ಅವನಿಗೂ ಅರ್ಥ ಕಟ್ಟಲು ಹೊರಟವರನ್ನು ಕಂಡಾಗ ನನಗೆ ಪಾಂಡಾದ ಮೇಲೆ ಕರುಣೆ ಹುಟ್ಟುತ್ತದೆ.

ಇನ್ನೂ ಒಂದಿದೆ. ಸಂಪುಟಗಳ ನಡುವೆ ಓದುಗರ ಪ್ರಶ್ನೆಗೆ ಓಡಾ ಉತ್ತರಿಸುವ ಎಸ್‌ಬಿಎಸ್ ಎಂಬ ಅಂಕಣ ಇರುತ್ತದೆ. ಪಾತ್ರದ ಹುಟ್ಟುಹಬ್ಬ ಇಂಥ ದಿನ ಇರಲಿ ಎಂದು ಓದುಗರು ಅಂಕಿ ಮತ್ತು ಹೆಸರಿನ ಚಮತ್ಕಾರ ಹೊಸೆದು ಕಳಿಸುತ್ತಾರೆ. ಆಗಲಿ ಎಂದು ಓಡಾ ಒಪ್ಪಿಬಿಡುತ್ತಾರೆ. ಅಂದಿನಿಂದ ಅದೇ ಅಧಿಕೃತ. ಎಷ್ಟೋ ಪಾತ್ರಗಳು ಹೀಗೆ ಓದುಗರ ದಯೆಯಿಂದ ಹುಟ್ಟಿದ ದಿನ ಪಡೆದಿವೆ. ಲೇಖಕ ಬಾಗಿಲು ತೆರೆದಿಟ್ಟು, ಬನ್ನಿ, ಇದೊಂದು ಆಟ ಅನ್ನುತ್ತಿದ್ದಾರೆ. ಇವರು ಒಳಗೆ ಬಂದು, ಆ ತಾರೀಖುಗಳನ್ನು ಕೂಡಿಸಿ ಕಳೆದು, ಮೊದಲ ದಿನದಿಂದಲೂ ಹುದುಗಿದ್ದ ಗೂಢಸಂಖ್ಯೆ ಕಂಡುಹಿಡಿಯುತ್ತಾರೆ.

ಭಕ್ತಿಯ ಇನ್ನೊಂದು ಮುಖ ನೋಡೋಣ. ‘ಓಡಾ ಸೆನ್ಸೈ ನಮ್ಮ ದೇವರು.’ ಸರಿ. ಹೊಸ ಅಧ್ಯಾಯ ಜಪಾನಿನಲ್ಲಿ ಸೋಮವಾರ ಬರುತ್ತದೆ. ನಮ್ಮ ಗಡಿಯಾರದಲ್ಲಿ ಭಾನುವಾರ ರಾತ್ರಿ ಎಂಟೂವರೆ. ಪ್ರಕಾಶಕ ಶುಯೆಇಶಾದ ‘ಮಂಗಾ ಪ್ಲಸ್’ 2019ರಿಂದ ಹೊಸ ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಪುಕ್ಕಟೆ ಕೊಡುತ್ತಿದೆ. ಜಯನಗರದಲ್ಲಿ ಕೂತವನಿಗೂ ಪುಕ್ಕಟೆ, ಧಾರವಾಡದಲ್ಲಿ ಕೂತವನಿಗೂ ಪುಕ್ಕಟೆ. ಕಾಯಬೇಕಾದದ್ದು ಮೂರ್ನಾಲ್ಕು ದಿನ.

ಕಾಯುತ್ತಾರೆಯೇ? ವಾರದ ನಡುವೆಯೇ ಕದ್ದ ಪುಟ ಬರುತ್ತದೆ. ಮಸುಕು ಫೋಟೊ, ಅವಸರದ ಅನುವಾದ. ಅದರ ಮೇಲೆ ಥಿಯರಿ. ಒಂದೊಂದು ಗೆರೆಯೂ ಪವಿತ್ರ ಎನ್ನುವವನು ಗೆರೆ ಕಾಣದ ಫೋಟೊದಲ್ಲಿ ಗೆರೆ ಹುಡುಕುತ್ತಾನೆ. ಭಾನುವಾರ ಸರಿಯಾದ ಅನುವಾದ ಬಂದಾಗ ಮಾತಿನ ಅರ್ಥವೇ ಬೇರೆ. ಆ ಹೊತ್ತಿಗೆ ಥಿಯರಿಗೆ ಮೊಮ್ಮಕ್ಕಳಾಗಿರುತ್ತವೆ. 2024ರಲ್ಲಿ ಜಪಾನಿನ ಪೊಲೀಸರು, ಜಂಪ್ ಪುಟಗಳನ್ನು ಬಿಡುಗಡೆಗೆ ಮುಂಚೆಯೇ ಹರಿಯಬಿಟ್ಟ ಆರೋಪದ ಮೇಲೆ ಇಬ್ಬರನ್ನು ಹಿಡಿದರು. ಹಿಡಿದವರಲ್ಲಿ ಕುಮಮೊಟೊ ಪ್ರಾಂತದ ಪೊಲೀಸರೂ ಇದ್ದರು. ಓಡಾ ಹುಟ್ಟಿದ್ದು ಅಲ್ಲೇ. ಇದರಲ್ಲಿ ಯಾಕೆ ಯಾರಿಗೂ ಸಂಕೇತ ಕಾಣಿಸಲಿಲ್ಲ?

2023ರ ಜೂನ್‌ನಲ್ಲಿ ಓಡಾ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾಲ್ಕು ವಾರ ರಜೆ ತೆಗೆದುಕೊಂಡರು. ಇಷ್ಟು ವರ್ಷ ಗೆರೆ ಎಳೆದ ಮನುಷ್ಯನ ಕಣ್ಣು. ಅವರು ರಜೆಯಲ್ಲಿದ್ದರು. ಇವರು ಅವರ ಹಳೆಯ ಪುಟಗಳ ಮೇಲೆ ಭೂತಗನ್ನಡಿ ಹಿಡಿದಿದ್ದರು.

ಇದು ಒಂದು ಕಥೆಯ ರೋಗವಲ್ಲ. ಹಾಜಿಮೆ ಇಸಾಯಾಮಾ ಅವರ ‘ಅಟ್ಯಾಕ್ ಆನ್ ಟೈಟನ್’ 2009ರಲ್ಲಿ ಆರಂಭವಾಗಿ 2021ರ ಏಪ್ರಿಲ್‌ನಲ್ಲಿ 139ನೆಯ ಅಧ್ಯಾಯಕ್ಕೆ ಮುಗಿಯಿತು. ಮೊದಲ ಅಧ್ಯಾಯದ ತಲೆಬರಹಕ್ಕೆ 122ನೆಯ ಅಧ್ಯಾಯದ ತಲೆಬರಹ ಉತ್ತರ ಕೊಡುತ್ತದೆ. ಮುಂದಾಲೋಚನೆ ಎಂದರೆ ಅದು. ಅಲ್ಲಿಯವರೆಗೆ ಇಸಾಯಾಮಾ ಮೇಧಾವಿ. ಅಂತ್ಯ ಹಿಡಿಸಲಿಲ್ಲ, ಒಂದೇ ರಾತ್ರಿಯಲ್ಲಿ ದಡ್ಡ.

ಆಮೇಲೆ ಹುಟ್ಟಿದ್ದು ಹೊಸ ಪಂಥ. ಇದು ನಿಜವಾದ ಅಂತ್ಯವಲ್ಲ, ಅನಿಮೇಷನ್ ರೂಪವಾದ ಅನಿಮೆಯಲ್ಲಿ ಬೇರೆ ಅಂತ್ಯ ಬರುತ್ತದೆ. ಪುರಾವೆ? ಶೀರ್ಷಿಕೆ ಗೀತೆಯ ಚಿತ್ರಿಕೆಗಳು. ಅರೆಕ್ಷಣ ಮಿಂಚಿ ಹೋದ ಒಂದು ನೋಟ. ಯಾವುದೋ ಬಣ್ಣ. ಎರಡೂವರೆ ವರ್ಷ ಹೀಗೆ ಕಾದರು. 2023ರ ನವೆಂಬರಿನಲ್ಲಿ ಕೊನೆಯ ಕಂತು ಬಂತು. ಮಾತುಗಳನ್ನು ಅಲ್ಲಲ್ಲಿ ತಿದ್ದಿದ್ದರು. ಅಂತ್ಯ ಅದೇ. ಲೇಖಕ ಬರೆದು, ಸಹಿ ಹಾಕಿ, ಪುಸ್ತಕ ಮಾಡಿ ಮಾರಿದ ಅಂತ್ಯವನ್ನು ಸುಳ್ಳು ಎಂದು ಸಾಧಿಸಲು ಆ ಲೇಖಕನದೇ ಸಂಕೇತಗಳು ಬೇಕಾದವು. ಕಕ್ಷಿದಾರನನ್ನೇ ಜೈಲಿಗೆ ಕಳಿಸಲು ವಾದಿಸಿದ ವಕೀಲರು.

ಇವರ ಎದುರಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಬೇಕೆನ್ನಿಸುತ್ತದೆ. 1989ರಿಂದ ‘ಬರ್ಸರ್ಕ್’ ಬರೆಯುತ್ತಿದ್ದ ಕೆಂಟಾರೊ ಮಿಯುರಾ 2021ರ ಮೇ 6ರಂದು ತೀರಿಕೊಂಡರು. ಆಗ ಅವರಿಗೆ 54 ವರ್ಷ. ಕಥೆ ಅರ್ಧದಲ್ಲಿತ್ತು. ಅದರ ಕೊನೆಯವರೆಗಿನ ದಾರಿಯನ್ನು ಮಿಯುರಾ ಎಷ್ಟೋ ವರ್ಷಗಳ ಹಿಂದೆ ಒಬ್ಬನಿಗೆ ಹೇಳಿದ್ದರು. ಶಾಲೆಯ ಕಾಲದ ಗೆಳೆಯ ಕೌಜಿ ಮೋರಿ. ಅವರೂ ಮಂಗಾ ಲೇಖಕರೇ. 2022ರ ಜೂನ್‌ನಲ್ಲಿ ಮಿಯುರಾ ಅವರ ಶಿಷ್ಯರ ಸ್ಟುಡಿಯೊ ಗಾಗಾ ಚಿತ್ರ ಬರೆದು, ಮೋರಿ ಮೇಲುಸ್ತುವಾರಿ ನೋಡಿ ಕಥೆ ಮುಂದುವರಿಯಿತು. ಮೋರಿ ಹಾಕಿಕೊಂಡ ಕಟ್ಟುಪಾಡು ಒಂದೇ. ಗೆಳೆಯ ನನಗೆ ಹೇಳಿದ್ದನ್ನು ಮಾತ್ರ ಬರೆಸುತ್ತೇನೆ, ಹೇಳದ್ದನ್ನು ಸೇರಿಸುವುದಿಲ್ಲ.

ಲೋಕದಲ್ಲಿ ಆ ಕಥೆಯ ಕೊನೆ ನಿಜವಾಗಿ ಗೊತ್ತಿರುವವನು ಬಾಯಿ ಬಿಗಿಹಿಡಿದಿದ್ದಾನೆ. ಏನೂ ಗೊತ್ತಿಲ್ಲದವರು ನಲವತ್ತು ನಿಮಿಷದ ವಿಡಿಯೊ ಮಾಡಿದ್ದಾರೆ. ಭಾಗ ಎರಡು ಮುಂದಿನ ವಾರವಂತೆ.

ನನಗೆ ಸಿಟ್ಟು ಬರುವುದು ಯಾಕೆ ಗೊತ್ತೆ? ಮತ್ತೆ ಆ 1044ನೆಯ ಅಧ್ಯಾಯಕ್ಕೇ ಬನ್ನಿ. ಶತಮಾನಗಳಿಂದ ಸರ್ಕಾರ ಹೆದರಿ ಮುಚ್ಚಿಟ್ಟ ಆ ದೇವರ ಸ್ವಭಾವ ಏನು? ನಗುವುದು. ನಗಿಸುವುದು. ಗುಲಾಮರನ್ನು ಬಿಡಿಸಿ ಕುಣಿಯುವುದು. ಲೂಫಿಯ ಎದೆ ತಮಟೆಯ ಹಾಗೆ ಬಡಿಯುತ್ತದೆ. ಕಣ್ಣುಗುಡ್ಡೆ ಹೊರಗೆ ಚಿಮ್ಮುತ್ತವೆ. ನೆಲ ರಬ್ಬರಾಗುತ್ತದೆ. ಮುಂದೆ, ಲೋಕದ ಅತಿ ಬಲಿಷ್ಠ ಪ್ರಾಣಿ ಎನಿಸಿಕೊಂಡ ಕೈಡೊ ಎಂಬ ಡ್ರ್ಯಾಗನನ್ನೇ ಹಗ್ಗ ಮಾಡಿಕೊಂಡು ಹುಡುಗ ಸ್ಕಿಪ್ಪಿಂಗ್ ಆಡುತ್ತಾನೆ. ನೂರಾರು ಅಧ್ಯಾಯಗಳ ಯುದ್ಧ, ರಕ್ತ, ಸಾವಿನ ನಂತರ ಒಬ್ಬ ನಡುವಯಸ್ಸಿನ ಲೇಖಕ ಎಲ್ಲ ಗಾಂಭೀರ್ಯವನ್ನೂ ಗಾಳಿಗೆ ತೂರಿ, ಮಗು ಗೀಚಿದ ಹಾಗೆ ಗೀಚಿ, ಬನ್ನಿ ನಗೋಣ ಅಂದರು.

ಇವರು ನಗಲಿಲ್ಲ. ಎಕ್ಸೆಲ್ ಶೀಟು ತೆರೆದರು.

ಆ ಕಥೆಯಲ್ಲಿ ಐವರು ಮುದುಕರಿದ್ದಾರೆ. ಗೊರೊಸೆಯಿ. ಹಳೆಯ ಇತಿಹಾಸವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, ಯಾರು ಏನು ತಿಳಿಯಬೇಕು ಎಂದು ನಿರ್ಧರಿಸಿ, ತಮ್ಮ ಎಣಿಕೆ ಮೀರಿ ಏನಾದರೂ ಆದರೆ ಗಾಬರಿ ಬೀಳುವವರು. ಎಲ್ಲವೂ ಮೊದಲೇ ಬರೆದಂತೆ ನಡೆಯಬೇಕು ಅವರಿಗೆ. ಅಭಿಮಾನಿ ಪ್ರತಿ ವಾರ ಲೂಫಿಯ ಪಕ್ಷ ಎಂದು ಕೂಗುತ್ತಾನೆ. ಕೂತಿರುವುದು ಆ ಮುದುಕರ ಪಂಕ್ತಿಯಲ್ಲಿ.

ಒಂದು ದಿನ ‘ಒನ್ ಪೀಸ್’ ಮುಗಿಯುತ್ತದೆ. 2022ರ ಜುಲೈಯಿಂದ ಅಂತಿಮ ಪರ್ವ ನಡೆಯುತ್ತಿದೆ. ಕಥೆಗೆ ಹೆಸರು ಕೊಟ್ಟ ನಿಧಿ ಏನೆಂದು ತಿಳಿಯುತ್ತದೆ. ಓಡಾ ಲೇಖನಿ ಕೆಳಗಿಡುತ್ತಾರೆ, ಬಹುಶಃ ಎರಡು ದಿನ ಬಿಡದೆ ಮಲಗುತ್ತಾರೆ. ಎದ್ದು ನೋಡುವಷ್ಟರಲ್ಲಿ ಸಾಲು ನಿಂತಿರುತ್ತದೆ. ಅರ್ಧ ಜನ, ‘ಇದನ್ನು ನಾವು ಹತ್ತು ವರ್ಷದ ಹಿಂದೆಯೇ ಹೇಳಿರಲಿಲ್ಲವೇ?’ ಮಿಕ್ಕರ್ಧ, ‘ನಾವು ಹೇಳಿದ್ದು ಇದಲ್ಲ, ಹಾಗಾಗಿ ಇದು ಅಂತ್ಯವಲ್ಲ.’ ಕೊನೆಯ ಪುಟದ ಬಲ ಮೂಲೆಯಲ್ಲಿ ಒಂದು ಮೋಡ ಇರುತ್ತದೆ. ಅದಕ್ಕೆ ಆಗಲೇ ಕೆಂಪು ವೃತ್ತ ಬಿದ್ದಿರುತ್ತದೆ.